ಡಾಕ್ಟರಿಗೆ ಹೂಂ ಅನ್ನುವುದು

ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಇಬ್ಬರು ಕೂತಿದ್ದರು. ಅಕ್ಕನ ಗಂಡ ಒಳಗೆ ಉಸಿರಾಟದ ಮೆಷಿನ್ನಿನಲ್ಲಿದ್ದರು. ತಂಗಿ ಇಂಗ್ಲಿಷ್ ಪಾಠ ಹೇಳುವವಳು. ಡಾಕ್ಟರಿಗೆ ನಮ್ಮ ಭಾಷೆ ಬಾರದು.

"ಮೆಷಿನ್ ತೆಗೆಯೋಣವಾ ಅಂತ ಕೇಳ್ತಾರೆ ಅಕ್ಕ. ನೀನೇ ಒಪ್ಪಿಗೆ ಕೊಡಬೇಕಂತೆ."

"ಏನನ್ನಲಿ? 'ಸೌಂಡ್ಸ್ ಗುಡ್' ಅನ್ನಲಾ?"

"ಅಯ್ಯೋ, ಬೇಡ. ಸಿನಿಮಾಕ್ಕೆ ಹೋಗೋಣ ಅಂದಾಗ ಅನ್ನೋ ಮಾತು ಅದು."

"ಆಪರೇಷನ್‌ಗೂ ಅದನ್ನೇ ಅಂದೆನಲ್ಲೇ! ನಿಮ್ಮ ಭಾವನೇ ಹೇಳಿಕೊಟ್ಟಿದ್ದು. ಡಾಕ್ಟರು ಏನೇ ಕೇಳಲಿ, ಹಾಗನ್ನು, ನಗ್ತಾ ಅನ್ನು ಅಂತ."

"ಆಗ ಸರಿಯಿತ್ತು."

"'ವೈ ನಾಟ್'?"

"ಅದೂ ಬೇಡ. ಖುಷಿಯಿಂದ ಒಪ್ಪಿದ ಹಾಗಿರುತ್ತೆ."

"ಒಪ್ಪೋ ಮಾತೆಲ್ಲ ಖುಷಿದೇ ಏನೇ? ಬೇರೇನೂ ಕಲಿಸೋದೇ ಇಲ್ವಾ ನೀನು ಮಕ್ಕಳಿಗೆ?"

ತಂಗಿ ಕಣ್ಣೊರೆಸಿಕೊಂಡಳು.

"ಬರೀ 'ಯೆಸ್, ಡಾಕ್ಟರ್' ಅನ್ನು. ಸಾಕು."

"ಎಲ್ಲಿ ಕೇಳ್ತಾರೆ?"

"ಹಾಸಿಗೆ ಪಕ್ಕದಲ್ಲೇ."

"ಅವರಿಗೆ ಕೇಳಿಸುತ್ತಲ್ಲೇ."

"ಭಾವನಿಗೆ ಏನೂ ಕೇಳಿಸಲ್ಲ ಅಂದಿದ್ದಾರಲ್ಲ ಅಕ್ಕ."

"ಹಾಗಂದವರೇ ನಿನ್ನೆ, ಕೈ ಹಿಡ್ಕೊಂಡು ಮಾತಾಡಿಸ್ತಾ ಇರಿ ಅಂದ್ರು."

ನನಗೂ ಹಾಗೇ ಅಂದಿದ್ದರು. ನಾನೂ ಒಳಗಿದ್ದ ನಮ್ಮವರನ್ನು ಮಾತಾಡಿಸುತ್ತಲೇ ಇದ್ದೆ.

ನರ್ಸ್ ಬಾಗಿಲು ತೆರೆದು ಕರೆದಳು. ಅಕ್ಕ ಎದ್ದು ನಿಂತು ತಂಗಿಯ ತೋಳು ಹಿಡಿದುಕೊಂಡಳು.

"ನಿಮ್ಮ ಭಾವನಿಗೆ ಬಾರದ ಭಾಷೆ ಯಾವುದಾದ್ರೂ ನಿಂಗೆ ಬರುತ್ತೇನೇ?"

ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದರು.