ಭರತೇಶನ ಪೆಟ್ಟಿಗೆ

ಸಾಗರದ ಬಸ್ ನಿಲ್ದಾಣದ ಹಿಂದೆ, ಬೇಕರಿಯ ಮಹಡಿಯ ಮೇಲಿನ ಕೋಣೆಯೇ ಆರ್ಕೆಸ್ಟ್ರಾದವರ ತಾಲೀಮಿನ ಜಾಗ. ಆ ಮಧ್ಯಾಹ್ನದ ಮಳೆಗೆ ಹೆದರಿ ಹಾಡುವವರು ಯಾರೂ ಬಂದಿರಲಿಲ್ಲ. ಯಶಸ್ವಿನಿ ಮತ್ತು ತಬಲಾದ ಮಂಜುನಾಥ ಇಬ್ಬರೇ ಇದ್ದರು. ಮರುದಿನ ಹೊಸನಗರದ ಗಣಪತಿ ಪೆಂಡಾಲಿನಲ್ಲಿ ಅವಳು ಮೊದಲ ಸಲ ಕೀಬೋರ್ಡಿಗೆ ಕೂರಬೇಕು. ಎಂಟು ಹಾಡು ಇನ್ನೂ ಕೈಗೆ ಹತ್ತಿರಲಿಲ್ಲ, ತಪ್ಪಿದರೆ ತಂಡದಲ್ಲಿ ಜಾಗವಿಲ್ಲ. ಮೂಲೆಯ ಹಳೇ ಪೆಟ್ಟಿಗೆಯಲ್ಲಿ ಎಲ್ಲ ಹಾಡೂ ಇವೆ, ಅದು ನುಡಿಸುತ್ತದೆ, ನೀನು ಸುಮ್ಮನೆ ಕೈಯಾಡಿಸು ಎಂದಿದ್ದ ಮಂಜುನಾಥ. ಅವಳು ಅದನ್ನು ಅಲ್ಲಿದ್ದ ಹಳೇ ಕೀಬೋರ್ಡಿನಿಂದ ಬಿಡಿಸಿ ತಂದು ತನ್ನ ಕೀಬೋರ್ಡಿಗೆ ಸಿಕ್ಕಿಸಿದ್ದಳು.

ಕೊಡೆ ಮಡಚುತ್ತ ಬಂದ, ಹಿಂದೆ ತಂಡಕ್ಕೆ ಕೀಬೋರ್ಡ್ ನುಡಿಸುತ್ತಿದ್ದ ಮುದುಕ ಗಿರಿಧರ ಮಾಷ್ಟ್ರು ಬಾಗಿಲಲ್ಲೇ ನಿಂತರು.

"ಅದನ್ನ ಯಾರು ಮುಟ್ಟಿದ್ದು? ಥೂ ನಿಮ್ಮ... ಕೂತ್ಕೊಳ್ಳಿ ಇಬ್ರೂ, ಹೇಳ್ತೀನಿ. ಇದು ಶಬ್ದ ಹಿಡಿಯಲ್ಲ ಮಾರಾಯ್ತಿ. ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಒತ್ತಿದ್ರು, ಅಷ್ಟೇ ಬರ್ಕೊಳ್ಳೋದು. ರೆಕಾರ್ಡಿಗೆ ಹಾಕಿದ್ರೆ ನಿನ್ನ ಬೆರಳು ಹಿಡಿಯತ್ತೆ, ಪ್ಲೇಗೆ ಹಾಕಿದ್ರೆ ಅದೇ ಬೆರಳು ಕೀಬೋರ್ಡಿಗೆ ವಾಪಸ್, ಸ್ಟೋರ್ ಅಂದ್ರೆ ಫ್ಲಾಪಿಲಿ ಭದ್ರ. ನಂಗಿಂತ ಮುಂಚೆ ನುಡಿಸ್ತಿದ್ದ ಭರತೇಶಂದು ಇದು, ತೀರ್ಥಹಳ್ಳಿ ಕಡೆ ಜೈನರ ಹುಡುಗ. ಎಂಥಾ ಕೈ ಅಂತೀರಿ! ಒಂದಿನ ರೆಕಾರ್ಡಿಗೆ ಹಾಕಿ ಅರ್ಧ ಹಾಡು ನುಡಿಸಿದ್ದ... ಎದೆ ಹಿಡ್ಕೊಂಡ. ಮಣಿಪಾಲಕ್ಕೆ ಒಯ್ತಾ ಇದ್ವಿ, ಹೊಸನಗರ ದಾಟೋದ್ರೊಳಗೆ ಹೋಗೇಬಿಟ್ಟ.

"ಆ ಗಡಿಬಿಡೀಲಿ ಪೆಟ್ಟಿಗೆ ಯಾರಿಗೆ ನೆನಪಿರತ್ತೆ? ಮೂರು ದಿನ ಬಿಟ್ಟು ನಾನೇ ಈ ಬಾಗ್ಲ ಬೀಗ ತೆಗ್ದೆ. ರೆಕಾರ್ಡಿನ ಕೆಂಪು ದೀಪ ಉರೀತಾನೇ ಇತ್ತು. ಸ್ಟಾಪ್ ಒತ್ತಿ ಸ್ಟೋರ್ ಮಾಡ್ದೆ. ಅವ್ನ ಕೊನೇ ಹಾಡಲ್ವಾ, ಅಳು ಬಂತು. ಆಮೇಲೆ ಪ್ಲೇಗೆ ಹಾಕ್ದೆ. ಅರ್ಧ ಹಾಡು ಬಂತು, ನಿಂತೋಯ್ತು. ಮುಂದೆ ಓಡಿಸ್ದೆ. ಒಂದು ದಿನ ಖಾಲಿ, ಎರಡು ದಿನ ಖಾಲಿ... ಮೂರನೇ ದಿನ, ಬಿಟ್ಟಲ್ಲಿಂದ್ಲೇ ಹಾಡು ಮತ್ತೆ ಶುರು! ಬೀಗದ ಕೈ ನನ್ನ ಜೇಬಲ್ಲಿ. ಅವ್ನನ್ನ ಸುಟ್ಟು ಬಂದಾಗಿತ್ತು. ಒಳಗೆ ಯಾರು ಕೂತಿದ್ರು ಹೇಳಿ?"

ಮಂಜುನಾಥ ತನ್ನ ಕುರ್ಚಿಯನ್ನು ಗೋಡೆಗೆ ಒತ್ತರಿಸಿಕೊಂಡ.

"ಅಷ್ಟೇ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು. ಕೊನೇ ಚರಣದ ಮಧ್ಯ ಹಾಡು ಕಟ್ಟಾಯ್ತು. ಯಾಕೆ? ನಾನು ಸ್ಟಾಪ್ ಒತ್ತಿದ್ದೇ ಅಲ್ಲಿ! ನಾನು ಒಳಗೆ ಬಂದಾಗ್ಲೂ ಅವ್ನು ನುಡಿಸ್ತಾನೇ ಇದ್ದ... ಸ್ಪೀಕರ್ ಆಫ್ ಇತ್ತು, ಕೇಳ್ಲಿಲ್ಲ. ಆಮೇಲೆ ನಾನು ಯಾವ ಸ್ಟೇಜ್ ಹತ್ಲಿ, ಯಾರೋ ತಣ್ಣಗಿನ ಕೈಲಿ ನನ್ನ ಬೆರಳು ಸರಿಸಿ ಆ ಚರಣ ನುಡಿಸೋರು. ಆರು ಕಾರ್ಯಕ್ರಮ ಹಾಳಾಯ್ತು, ಕೀಬೋರ್ಡೇ ಬಿಟ್ಟೆ. ಕೊನೆಗೆ ಪೆಟ್ಟಿಗೆನ ಅವನ ಕೀಬೋರ್ಡಿಗೆ ಜೋಡಿಸಿ, ರೆಕಾರ್ಡಿಗೆ ಹಾಕಿ, ನುಡಿಸ್ಕೋ ಮಾರಾಯ ಅಂತ ಕೈಮುಗಿದೆ. ಕಾಟ ನಿಂತೋಯ್ತು. ಜೋಗ ಪಕ್ಕದಲ್ಲಿದ್ರೂ ನಮ್ಮ ಕರೆಂಟು ನೆಚ್ಚೋ ಹಾಗಿಲ್ವಲ್ಲ, ಆ ಕೆಂಪು ದೀಪ ಆರದ ಹಾಗೆ ಬ್ಯಾಟರಿ ಇಟ್ಟು ಹನ್ನೊಂದು ವರ್ಷ ಕಾದಿದೀನಿ."

ಯಶಸ್ವಿನಿ ಪೆಟ್ಟಿಗೆಯ ಮೇಲಿದ್ದ ಕೈ ಹಿಂದಕ್ಕೆಳೆದುಕೊಂಡಳು.

"ಮಾಷ್ಟ್ರೇ... ಪ್ಲೇಗೆ ಹಾಕೋಣ ಅಂತ ಹೊರಟಿದ್ದೆ, ಕೆಂಪು ದೀಪ ಉರೀತಿತ್ತು. ನೀವು ಬರೋ ಮುಂಚೆ ಸ್ಟಾಪ್ ಒತ್ತಿಬಿಟ್ಟೆ."

ಗಿರಿಧರ ಬೈಯಲಿಲ್ಲ. ಅವಳ ಕೈಗಳನ್ನೇ ನೋಡಿದರು.

"ನಾಳೆ ಒಂದು ಬದಿಗೆ ಸರಿದು ಕೂರು, ತಂಗಿ. ಎಂಟು ಹಾಡು ಬರಲ್ಲ ಅಂತ ಇನ್ನು ಹೆದ್ರಬೇಡ... ಅವ್ನಿಗೆ ಎಲ್ಲಾ ಬರತ್ತೆ."