ಭಾಗಾಕಾರಕ್ಕೆ ಕನ್ನಡಕ

ಬೆಳಿಗ್ಗೆ ಹತ್ತೂಕಾಲಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿಯನ್ನು ಪರೀಕ್ಷೆಗೆ ಒಳಗೆ ಕರೆದರು. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಅವಳ ಅಪ್ಪ ಮತ್ತು ಅವನ ಅಕ್ಕ ಉಳಿದರು. ಬಾಗಿಲು ಮುಚ್ಚಿದ್ದೇ ತಡ, ಅಕ್ಕ ಶುರು ಮಾಡಿದಳು.

“ಭಾಗಾಕಾರ ತಪ್ಪಾಯ್ತು ಅಂತ ಮಗೂನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಬಂದೋನು ನೀನೊಬ್ಬನೇ ಕಣೋ.”

“ಅಂಕಿ ಇಳಿಸುವಾಗ ಒಂದರ ಕೆಳಗೆ ಬರೆಯೋದನ್ನ ಇನ್ನೊಂದರ ಕೆಳಗೆ ಬರೀತಾಳೆ. ಕಣ್ಣು ಕಾಣದೆ ಇನ್ನೇನಕ್ಕ?”

“ಹೋದ ವಾರ ಹಾಗೆ ಬರೀತಿದ್ಲಾ?”

“ಹೋದ ವಾರ ನೀನು ಹೇಳ್ಕೊಡ್ತಿದ್ದೆ. ಚೌಕದ ಪುಸ್ತಕದಲ್ಲಿ, ಒಂದು ಮನೆಗೆ ಒಂದು ಅಂಕಿ. ಅವಳೇನು ಶಿಶುವಿಹಾರದ ಮಗೂನಾ?”

“ಅದಕ್ಕೇ ನೀನು ಆ ಪುಸ್ತಕ ಕಿತ್ಕೊಂಡು ಗೆರೆಯಿಲ್ಲದ ಹಾಳೆ ಕೊಟ್ಟೆ. ಭಾಗಿಸೋದು, ಗುಣಿಸೋದು, ಕಳೆಯೋದು ಅಂತ ನಾನು ಒಂದೊಂದಾಗಿ ಕಲಿಸಿದ್ದನ್ನ ಒಂದೇ ಸಂಜೆಗೆ ಕೂಗಾಡಿ ಕೆಡಿಸಿದೆ.”

“ಕೂಗಾಡಲಿಲ್ಲ. ಸ್ವಲ್ಪ ಜೋರಾಗಿ ಹೇಳ್ದೆ.”

“ಹೌದು, ಈಗ ಪಕ್ಕದ ಮನೆಯೋರಿಗೂ ಭಾಗಾಕಾರ ಬರುತ್ತೆ.”

“ತಮಾಷೆ ಸಾಕು.”

“ತಮಾಷೆ ಎಲ್ಲಿ ಬಂತು? ‘ಅತ್ತೆ, ನಾನು ದಡ್ಡೀನಾ, ಕುರುಡೀನಾ?’ ಅಂತ ನಿನ್ನೆ ಕೇಳಿದ್ಲು. ಏನು ಹೇಳ್ಲಿ? ನೀನೇ ಹೇಳು.”



ನರ್ಸ್ ಹುಡುಗಿಯನ್ನು ಕರೆತಂದು, ಕಣ್ಣು ಚೆನ್ನಾಗಿದೆ, ಕನ್ನಡಕದ ಅಗತ್ಯವಿಲ್ಲ ಎಂದರು. ಅಪ್ಪ ಎದ್ದು ನಿಂತು, “ಇನ್ನೊಂದ್ಸಲ ಪರೀಕ್ಷೆ ಮಾಡಿ” ಎಂದ. ಅಷ್ಟರಲ್ಲಿ ಅಕ್ಕ ಹುಡುಗಿಯ ಕೈ ಹಿಡಿದು ಮೆಟ್ಟಿಲು ಇಳಿದು ಹೋಗಿದ್ದಳು.