ಗೋಡೆ ಒಡೆಯದ ರಿಪೇರಿ

ಹೃದ್ರೋಗ ವಿಭಾಗದ ಹೊರಗೆ ತಾಯಿಯ ವರದಿಗಾಗಿ ಕಾದು ಕೂತಿದ್ದ ಟೈಲರಮ್ಮನಿಗೆ ಹಿಂದಿನ ಬೆಂಚಿನ ದನಿ ಕಿವಿಗೆ ಬಿದ್ದದ್ದೇ ತಡ, ಬೆನ್ನು ನೆಟ್ಟಗಾಯಿತು. ಎರಡು ತಿಂಗಳ ಹಿಂದೆ ಅವಳ ಬಚ್ಚಲ ಗೋಡೆ ಒಡೆದು, ಸೋರುವ ಪೈಪಿಗೊಂದು ಕ್ಲಿಪ್ಪು ಸಿಕ್ಕಿಸಿ ಮಾಯವಾದ ಪ್ಲಂಬರ್ ಅವನೇ! ಜೊತೆಗೆ ಹೆಂಡತಿ.

“ನನ್ನ ವಾಲ್ವ್ ಸೋರ್ತಿದೆಯಂತೆ. ತೊಡೆ ನರದಿಂದ ಸಣ್ಣ ಟ್ಯೂಬ್ ತೂರಿಸಿ ಹೃದಯಕ್ಕೆ ಕ್ಲಿಪ್ಪು ಹಾಕ್ತಾರಂತೆ.”

“ನಾನೂ ಅಲ್ಲೇ ಇದ್ನಲ್ಲ, ಕೇಳಿಸ್ಕೊಂಡೆ.”

“ಎದೆ ಕೊಯ್ಯೋದೇ ಇಲ್ವಂತೆ ಕಣೇ! ಬಿಚ್ಚಿ ನೋಡದೆ ಅದೆಂಥಾ ರಿಪೇರಿ?”

“ಮೂವತ್ತು ವರ್ಷ ಕಂಡೋರ ಗೋಡೆ ಒಡೆದದ್ದು ಸಾಲ್ದು ಅಂತ, ಈಗ ನಿಮ್ಮದೂ ಒಡೆಸ್ಕೋಬೇಕಾ?”

“ತಮಾಷೆ ಸಾಕು. ಕ್ಲಿಪ್ಪು ಅಂದ್ರೆ ತೇಪೆ ಕೆಲಸ. ಅದು ಎಷ್ಟು ದಿನ ನಿಲ್ಲತ್ತೆ ಅಂತ ನಂಗೊತ್ತಿಲ್ವಾ?”

“ನೀವು ಹಾಕಿದ್ದು ನಿಲ್ಲಲ್ಲ. ಅವರು ಓದಿ ಬಂದಿದ್ದಾರೆ ಕಣ್ರೀ.”

ಅವನ ದನಿ ಸಣ್ಣಗಾಯಿತು. “ಮತ್ತೆ ಸೋರಿದ್ರೆ?”

“ಡಾಕ್ಟರಿಗೆ ಫೋನ್ ಮಾಡಿದ್ರಾಯ್ತು.”

“ಎತ್ತದೇ ಇದ್ರೆ?”

ಹೆಂಡತಿ ಅವನನ್ನೇ ನೋಡಿದಳು.

ನರ್ಸ್ ಕರೆದಳು. ಇಬ್ಬರೂ ಎದ್ದು ಹೊರಟರು. ಟೈಲರಮ್ಮ ಮೊಬೈಲ್ ತೆಗೆದು, ಎರಡು ತಿಂಗಳಿಂದ ಒತ್ತಿ ಒತ್ತಿ ಬಾಯಿಪಾಠವಾಗಿದ್ದ ನಂಬರನ್ನು ಇನ್ನೊಮ್ಮೆ ಒತ್ತಿದಳು. ಬಾಗಿಲ ಬಳಿ ಅವನ ಜೇಬು ಹಾಡತೊಡಗಿತು. ಹೊರತೆಗೆದು ನೋಡಿದ, ಸದ್ದಡಗಿಸಿ ಮತ್ತೆ ಜೇಬಿಗೆ ಹಾಕಿಕೊಂಡ.

“ಯಾರ್ರೀ ಅದು?”

“ಅದೇ, ಬಚ್ಚಲ ಪೈಪಿನೋಳು. ಬಿಟ್ಟಾಕು, ಸೋರಿದ್ರೆ ಯಾರೂ ಸಾಯಲ್ಲ.”